ಬ್ಲೂ ಚೀಸ್ ಮೊದಲ ಸಲ ತಿನ್ನುವವರಿಗೆ: ಮೆದುವಿನಿಂದ ಖಡಕ್‌ವರೆಗೆ ಒಂದು ದಾರಿ

"ಬ್ಲೂ ಚೀಸ್ ನನಗೆ ಆಗಲ್ಲ" ಎನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಯಾವ ಬ್ಲೂ ಚೀಸ್ ತಿಂದಿದ್ದಿರಿ? ಹೆಸರು ನೆನಪಿರುವುದಿಲ್ಲ. ಎಲ್ಲೋ ಬಫೆಯಲ್ಲಿ ಇಟ್ಟಿದ್ದರು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯ ತುಂಡು, ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ, ಉಪ್ಪು ಮತ್ತು ಘಾಟು ತಡೆಯಲಾಗಲಿಲ್ಲ. ಹೆಚ್ಚಿನವರ ಕಥೆ ಇಷ್ಟೇ.

ಮಗುವಿಗೆ ಮೊದಲ ತುತ್ತಿಗೇ ಖಾರದ ಚಟ್ನಿ ತಿನ್ನಿಸುವುದಿಲ್ಲ ಅಲ್ವಾ? ತುಪ್ಪ ಅನ್ನದಿಂದ ಶುರು ಮಾಡುತ್ತೇವೆ. ಇಲ್ಲೂ ಹಾಗೇ. ಒಳಗೆ ನೀಲಿ ಗೆರೆಗಳು ಹರಡಿರುವ ಈ ಬ್ಲೂ ಚೀಸ್ ಎಂದರೆ ಒಂದು ತಿನಿಸಲ್ಲ, ಒಂದು ದೊಡ್ಡ ಕುಟುಂಬ. ಬೆಣ್ಣೆಯಂತೆ ಮೆದುವಾದದ್ದೂ ಇದೆ, ನಾಲಿಗೆ ಚುರುಗುಡಿಸುವುದೂ ಇದೆ. ಯಾವುದರಿಂದ ಶುರು ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲಾ ನಿಂತಿದೆ.

ನನಗೆ ಇದು ಗೊತ್ತಾಗಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕಿದ್ದಾಗ. ಕ್ರಿಸ್‌ಮಸ್ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಒಂದು ತಟ್ಟೆ ತಂದುಕೊಟ್ಟರು. ಪೇರ್ ಹಣ್ಣಿನ ತೆಳು ಹೋಳು, ಅದರ ಮೇಲೆ ಉಗುರಿನಷ್ಟು ಸ್ಟಿಲ್ಟನ್ ಎಂಬ ಬ್ಲೂ ಚೀಸ್. ಅದಕ್ಕೂ ಮೊದಲು ಎರಡು ಸಲ ಬ್ಲೂ ಚೀಸ್ ತಿಂದು ಬೇಡವೆಂದಿದ್ದೆ. ಆವತ್ತು ಮಾತ್ರ ತಟ್ಟೆ ಖಾಲಿಯಾಯಿತು. ಆ ತಟ್ಟೆಯಿಂದ ಕಲಿತದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. (ನಿಘಂಟುಗಳಲ್ಲಿ ಚೀಸ್‌ಗೆ ಗಿಣ್ಣು ಎಂದಿರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಮಾಡುವ ಸಿಹಿ. ಅದರ ರುಚಿಯೇ ಬೇರೆ. ಹಾಗಾಗಿ ಇಲ್ಲಿ ಚೀಸ್ ಎಂದೇ ಬರೆಯುತ್ತೇನೆ.)

ಹೆಜ್ಜೆ 1: ಆ ನೀಲಿ ಏನೆಂದು ತಿಳಿದುಕೊಳ್ಳಿ

ಅದು ಬೂಷ್ಟು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಮನೆಯ ಬ್ರೆಡ್ಡಿಗೆ ತಾನಾಗಿ ಹಿಡಿಯುವ ಬೂಷ್ಟಲ್ಲ. ಆರಿಸಿ, ಬೆಳೆಸಿ, ಬೇಕೆಂದೇ ಸೇರಿಸಿದ ಒಂದು ಜಾತಿ. ಹೆಸರು ಪೆನಿಸಿಲಿಯಂ ರೋಕ್‌ಫೋರ್ಟಿ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಥಾಮ್ 1906ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಮನುಷ್ಯರು ಇದನ್ನು ತಿನ್ನುತ್ತಿದ್ದುದು ಮಾತ್ರ ತುಂಬಾ ಹಿಂದಿನಿಂದ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಉಪ್ಪಿನ ಗಣಿಯಲ್ಲಿ ಸುಮಾರು 2,700 ವರ್ಷ ಹಳೆಯ ಮನುಷ್ಯರ ಮಲ ಉಪ್ಪಿನಿಂದಾಗಿ ಕೆಡದೆ ಉಳಿದಿತ್ತು. 2021ರಲ್ಲಿ ಅದನ್ನು ಪರೀಕ್ಷಿಸಿದಾಗ ಇದೇ ಬೂಷ್ಟಿನ ಗುರುತು ಸಿಕ್ಕಿತು. ಗಣಿ ಕೆಲಸದವರು ಬ್ಲೂ ಚೀಸ್ ತಿಂದಿದ್ದರು ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ಜೊತೆಗೆ ಬಿಯರ್ ಯೀಸ್ಟ್ ಕೂಡ ಸಿಕ್ಕಿತ್ತು.

ಮಾಡುವ ಕ್ರಮ ಹೀಗೆ. ಹಾಲಿಗೆ ಹೆಪ್ಪು ಹಾಕಿ, ರೆನೆಟ್ ಸೇರಿಸಿ ಗಟ್ಟಿ ಮಾಡುತ್ತಾರೆ. ಆ ಗಟ್ಟಿಯನ್ನು ಕತ್ತರಿಸಿ, ನೀರು ಬಸಿದು, ಅಚ್ಚಿಗೆ ತುಂಬುತ್ತಾರೆ. ಚೆಡ್ಡರ್‌ನಂತೆ ಭಾರ ಹೇರಿ ಒತ್ತುವುದಿಲ್ಲ. ಹಾಗಾಗಿ ಒಳಗೆ ಸಣ್ಣ ಸಣ್ಣ ಸಂದು ಉಳಿಯುತ್ತವೆ. ಉಪ್ಪು ಹಚ್ಚುತ್ತಾರೆ. ಆಮೇಲೆ ಉದ್ದನೆಯ ಸೂಜಿಗಳಿಂದ ಚುಚ್ಚುತ್ತಾರೆ. ಇದೇ ಮುಖ್ಯ ಕೆಲಸ. ಬೂಷ್ಟಿಗೆ ಗಾಳಿ ಬೇಕು. ಸೂಜಿ ಮಾಡಿದ ತೂತಿನಿಂದ ಗಾಳಿ ಒಳಗೆ ಹೋಗಿ, ಸಂದುಗಳಲ್ಲಿ ನೀಲಿ-ಹಸಿರು ಹಬ್ಬುತ್ತದೆ. ಮುಂದಿನ ಸಲ ಒಂದು ಹೋಳು ಸಿಕ್ಕರೆ ಗಮನಿಸಿ. ಅಡ್ಡಾದಿಡ್ಡಿ ಗೆರೆಗಳ ನಡುವೆ ಒಂದೆರಡು ನೇರವಾದ ಗೆರೆ ಕಾಣುತ್ತವೆ. ಸೂಜಿ ಹೋದ ದಾರಿ ಅದು.

ಈ ಬೂಷ್ಟು ಎರಡು ಕೆಲಸ ಮಾಡುತ್ತದೆ. ಹಾಲಿನ ಪ್ರೋಟೀನನ್ನು ಒಡೆದು ಚೀಸನ್ನು ಮೆತ್ತಗೆ ಮಾಡುತ್ತದೆ. ಕೊಬ್ಬನ್ನು ಒಡೆದು ಮೀಥೈಲ್ ಕೀಟೋನ್ ಎಂಬ ವಸ್ತುಗಳನ್ನು ಹುಟ್ಟಿಸುತ್ತದೆ. ನಿಮ್ಮ ಮೂಗಿಗೆ ಬಡಿಯುವ ಆ ಘಾಟು ಹೆಚ್ಚಾಗಿ ಇವುಗಳದ್ದು. ಹಾಗಾಗಿ ಹಾಲಿನಲ್ಲಿ ಕೊಬ್ಬು ಜಾಸ್ತಿ ಇದ್ದು, ಚೀಸ್ ಜಾಸ್ತಿ ದಿನ ಮಾಗಿದರೆ, ಸಾಮಾನ್ಯವಾಗಿ ಘಾಟೂ ಜಾಸ್ತಿ. ಇದೊಂದು ನೆನಪಿಟ್ಟುಕೊಂಡರೆ ಮುಂದಿನ ಹೆಸರುಗಳೆಲ್ಲ ಸುಲಭ.

ಹೆಜ್ಜೆ 2: ಲೇಬಲ್ ಓದಿ

ನಮ್ಮಲ್ಲಿ ಅನೇಕರಿಗೆ ಇದು ರುಚಿಗಿಂತ ಮುಖ್ಯ. ಹಾಲು ಗಟ್ಟಿ ಮಾಡುವ ರೆನೆಟ್ ಮೂಲತಃ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಸಾಂಪ್ರದಾಯಿಕ ಬ್ಲೂ ಚೀಸ್ ಗೊರ್ಗೊನ್‌ಝೋಲಾ ಮತ್ತು ಫ್ರಾನ್ಸಿನ ರೋಕ್‌ಫೋರ್‌ಗೆ ಪ್ರಾಣಿಮೂಲದ ರೆನೆಟ್ಟನ್ನೇ ಬಳಸುತ್ತಾರೆ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗೆ ಇವು ಆಗುವುದಿಲ್ಲ. ಸ್ಟಿಲ್ಟನ್‌ನಲ್ಲಿ ಸಸ್ಯಾಹಾರಿ ರೆನೆಟ್ ಬಳಸಿದ್ದೂ ಸಿಗುತ್ತದೆ. ಬ್ರಿಟನ್ನಿನಲ್ಲಿ ಪೊಟ್ಟಣದ ಮೇಲೆ ಸಸ್ಯಾಹಾರಿಗಳಿಗೆ ಸೂಕ್ತ ಎಂದು ಬರೆದಿರುತ್ತಾರೆ. ಭಾರತದಲ್ಲಿ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ. ಬಿಡಿಯಾಗಿ ಕತ್ತರಿಸಿ ಮಾರುವ ಕಡೆ ಸಂಕೋಚವಿಲ್ಲದೆ ಕೇಳಿ.

ಇನ್ನು ಯುರೋಪಿನ ಕೆಂಪು-ಹಳದಿ ದುಂಡು ಮುದ್ರೆ. ಇದು ಇದ್ದರೆ ಆ ಚೀಸ್ ಅದೇ ಪ್ರದೇಶದಲ್ಲಿ, ಅದೇ ಕ್ರಮದಲ್ಲಿ ಆದದ್ದು ಎಂದರ್ಥ. ನಮ್ಮ ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆ ಇರುವ ಜಿಐ ಗುರುತಿನ ಹಾಗೆ.

ಆರೋಗ್ಯದ ವಿಷಯ ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಬಸುರಿಯರು ಮೆತ್ತನೆಯ ಬ್ಲೂ ಚೀಸನ್ನು ಬೇಯಿಸದೆ ತಿನ್ನಬಾರದು, ಲಿಸ್ಟೀರಿಯಾ ಸೋಂಕಿನ ಅಪಾಯವಿದೆ. ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕ ಇಡಿ, 100 ಗ್ರಾಂ ರೋಕ್‌ಫೋರ್‌ನಲ್ಲಿ 3 ಗ್ರಾಂಗಿಂತ ಹೆಚ್ಚು ಉಪ್ಪಿರುತ್ತದೆ. ಪೆನಿಸಿಲಿನ್ ಔಷಧ ತಯಾರಾಗುವುದು ಇದೇ ಕುಲದ ಬೇರೆ ಜಾತಿಯ ಬೂಷ್ಟಿನಿಂದ. ಆದರೂ ಆ ಔಷಧದ ಅಲರ್ಜಿ ತೀವ್ರವಾಗಿದ್ದವರು ತಿನ್ನುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮತ್ತೆ, ನಾಯಿಗೆ ಒಂದು ಚೂರೂ ಹಾಕಬೇಡಿ, ಈ ಬೂಷ್ಟು ಅದಕ್ಕೆ ವಿಷವಾಗಬಹುದು.

ಹೆಜ್ಜೆ 3: ಸ್ವಲ್ಪವೇ ಕೊಳ್ಳಿ, ಮೂರು ಬಗೆ ಕೊಳ್ಳಿ

ಒಂದೇ ಬಗೆಯನ್ನು ಜಾಸ್ತಿ ತರುವುದಕ್ಕಿಂತ ಮೂರು ಬಗೆಯನ್ನು ನೂರು ನೂರು ಗ್ರಾಂ ತನ್ನಿ. ಒಂದು ಮೆದು, ಒಂದು ಮಧ್ಯಮ, ಒಂದು ಖಡಕ್. ಹೆಸರುಗಳು ಹೆಜ್ಜೆ 5ರಲ್ಲಿವೆ. ನಾಲ್ಕು ಜನಕ್ಕೆ ಇಷ್ಟು ಬೇಕಾದಷ್ಟಾಯಿತು. ಕತ್ತರಿಸಿದ ಮುಖ ನೋಡಿ. ಬಿಳಿ ಅಥವಾ ಕೆನೆ ಬಣ್ಣ ಇರಬೇಕು. ನೀಲಿ ನಡುವಿನವರೆಗೂ ಹಬ್ಬಿರಬೇಕು. ಅಂಚು ಕಂದಾಗಿ ಒಣಗಿದ್ದರೆ, ಪೊಟ್ಟಣದ ಒಳಗೆ ನೀರು ನಿಂತಿದ್ದರೆ ಬಿಟ್ಟುಬಿಡಿ. ಮೂಗಿಗೆ ಹಿಡಿದಾಗ ಘಾಟು ಇರಲಿ, ಆದರೆ ಅಮೋನಿಯಾ ವಾಸನೆ ಬರಬಾರದು.

ಹೆಜ್ಜೆ 4: ಒಂದು ಗಂಟೆ ಮೊದಲೇ ಹೊರಗಿಡಿ

ತಣ್ಣಗಿದ್ದಾಗ ಕೊಬ್ಬು ಗಟ್ಟಿಯಾಗಿರುತ್ತದೆ. ಪರಿಮಳ ಹೊರಗೆ ಬರುವುದಿಲ್ಲ, ಉಪ್ಪು ಮಾತ್ರ ಮುಂದೆ ಬರುತ್ತದೆ. ಬಫೆಯ ಆ ಕೆಟ್ಟ ಅನುಭವಕ್ಕೆ ಅರ್ಧ ಕಾರಣ ಇದೇ. ಯುರೋಪಿನಲ್ಲಿ ಒಂದು ಗಂಟೆ ಎನ್ನುತ್ತಾರೆ. ನಮ್ಮ ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು, ಇಲ್ಲದಿದ್ದರೆ ಬೆವರಿ ಎಣ್ಣೆ ಬಿಡುತ್ತದೆ.

ಹೆಜ್ಜೆ 5: ಈ ಸಾಲಿನಲ್ಲಿ ತಿನ್ನಿ

ಕಡಲೆಕಾಳಿನಷ್ಟು ತುಂಡು ಸಾಕು. ಅಗಿದು ನುಂಗಬೇಡಿ. ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿ, ಕರಗಲು ಬಿಡಿ, ಮೂಗಿನಿಂದ ಉಸಿರು ಬಿಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಚೂರು ಬ್ರೆಡ್, ಒಂದು ಗುಟುಕು ನೀರು.

ಮೊದಲಿಗೆ ಕ್ಯಾಂಬೊಝೋಲಾ. ಇದು ಜರ್ಮನಿಯ ಬವೇರಿಯಾದ್ದು, ಕಳೆದ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ್ದು. ಹೆಸರೇ ಹೇಳುವ ಹಾಗೆ ಫ್ರಾನ್ಸಿನ ಮೆತ್ತನೆಯ ಚೀಸ್ ಕ್ಯಾಮೆಂಬೇರ್ ಮತ್ತು ಗೊರ್ಗೊನ್‌ಝೋಲಾ ಎರಡನ್ನೂ ಕೂಡಿಸುವ ಯೋಚನೆ. ಹಾಲಿಗೆ ಕೆನೆ ಸೇರಿಸಿ ಮಾಡುತ್ತಾರೆ. ಬಾಯಲ್ಲಿ ಬೆಣ್ಣೆಯೇ. ಅಲ್ಲಲ್ಲಿ ಒಂದು ನೀಲಿ ಚುಕ್ಕೆ ಸಿಕ್ಕಾಗ ಮಾತ್ರ ಸಣ್ಣ ಘಾಟು. ಹಳೆಯ ಸಂಪ್ರದಾಯದ ಚೀಸ್ ಅಲ್ಲ ಎಂದು ಕೆಲವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ.

ಆಮೇಲೆ ಗೊರ್ಗೊನ್‌ಝೋಲಾ. ಇಟಲಿಯ ಮಿಲಾನ್ ಪಕ್ಕದ ಊರಿನ ಹೆಸರು ಅದು. ಈಗ ಮಿಲಾನಿನ ಹಸಿರು ಮೆಟ್ರೋ ಹತ್ತಿದರೆ ಅಲ್ಲಿಗೇ ಹೋಗಿ ಇಳಿಯಬಹುದು. ಆಲ್ಪ್ಸ್ ಮೇಲೆ ಮೇಯಲು ಹೋದ ಹಸುಗಳು ಚಳಿಗಾಲಕ್ಕೆ ಕೆಳಗಿಳಿಯುವಾಗ ಈ ಬಯಲಲ್ಲಿ ತಂಗುತ್ತಿದ್ದವು. ದಣಿದ ಹಸುವಿನ ಹಾಲಿನ ಚೀಸಿಗೆ ಅಲ್ಲಿಯವರು ಸ್ಟ್ರಾಕಿನೋ ಎನ್ನುತ್ತಾರೆ, ಅವರ ಆಡುಮಾತಿನಲ್ಲಿ ಸ್ಟ್ರಾಕ್ ಎಂದರೆ ದಣಿವು. ಗೊರ್ಗೊನ್‌ಝೋಲಾ ಅದೇ ಬಳಗದ್ದು. ಇಂದು ಹೆಚ್ಚಿನ ತಯಾರಿ ನಡೆಯುವುದು ಪೀಡ್‌ಮಾಂಟ್‌ನ ನೊವಾರಾ ಸುತ್ತ. ಬ್ಲೂ ಚೀಸಿಗೆ ಇಟಲಿಯವರ ಪದವೂ ಚೆಂದ. ಎರ್ಬೊರಿನಾತೊ, ಅಂದರೆ ಪಾರ್ಸ್ಲಿ ಸೊಪ್ಪು ಉದುರಿಸಿದಂತಿರುವುದು.

ಇದರಲ್ಲಿ ಎರಡು ಬಗೆ, ಕೊಳ್ಳುವಾಗ ತಪ್ಪಬೇಡಿ. ದೋಲ್ಚೆ ಕನಿಷ್ಠ 50 ದಿನ ಮಾಗಿದ್ದು. ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ, ಸಣ್ಣ ಸಿಹಿ, ಹೊಸ ಮೊಸರಿನ ಹುಳಿ. ಪಿಕಾಂತೆ ಕನಿಷ್ಠ 80 ದಿನದ್ದು. ಗಟ್ಟಿ, ಪುಡಿಯಾಗುತ್ತದೆ, ನೀಲಿ ಜಾಸ್ತಿ, ಮೆಣಸಿನ ಚುರುಕು. ಎರಡೂ ಹಸುವಿನ ಹಾಲೇ, ಎರಡೂ ಒಂದೇ ಸೀಮೆಯವು. ದಿನಗಳು ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಇವೆರಡನ್ನೂ ಅಕ್ಕಪಕ್ಕ ಇಟ್ಟು ತಿನ್ನಿ.

ಫ್ರಾನ್ಸಿನ ನಡುಭಾಗದ ಬೆಟ್ಟಗಳಲ್ಲಿ ಆಗುವ ಫೂರ್ಮ್ ದಾಂಬೇರ್ ಕೂಡ ಮೆದುವೇ. ಸುಮಾರು ಎರಡು ಕಿಲೋ ತೂಗುವ ಉದ್ದ ಉರುಳೆ. ನೆಲದ ತಂಪು, ಅಣಬೆ, ಒಂದಿಷ್ಟು ಹಾಲಿನ ಸಿಹಿ. ಅದೇ ಸೀಮೆಯ ಬ್ಲೂ ದೊವೆರ್ನ್ ಸ್ವಲ್ಪ ಜೋರು. 19ನೇ ಶತಮಾನದ ನಡುವೆ ಆಂಟೊನ್ ರೂಸೆಲ್ ಎಂಬವರು ರೈ ಎಂಬ ಧಾನ್ಯದ ಬ್ರೆಡ್ಡಿನ ಬೂಷ್ಟು ಸೇರಿಸಿ, ಸೂಜಿಯಿಂದ ಚುಚ್ಚಿ ಇದನ್ನು ರೂಪಿಸಿದರೆಂದು ಅಲ್ಲಿಯವರು ನೆನೆಯುತ್ತಾರೆ.

ಈಗ ಸ್ಟಿಲ್ಟನ್. ನಾನು ಮನಸೋತ ಚೀಸ್, ಹಾಗಾಗಿ ಎರಡು ಮಾತು ಜಾಸ್ತಿ ಬರೆಯುತ್ತೇನೆ. ಸ್ಟಿಲ್ಟನ್ ಎಂಬ ಹಳ್ಳಿ ಕೇಂಬ್ರಿಜ್‌ಶೈರ್‌ನಲ್ಲಿದೆ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಕುದುರೆ ಗಾಡಿಗಳು ನಿಲ್ಲುತ್ತಿದ್ದ ಜಾಗ. 18ನೇ ಶತಮಾನದಲ್ಲಿ ಅಲ್ಲಿನ ಬೆಲ್ ಇನ್ ಎಂಬ ತಂಗುಮನೆಯ ಮಾಲೀಕ ಕೂಪರ್ ಥಾರ್ನ್‌ಹಿಲ್ ಪ್ರಯಾಣಿಕರಿಗೆ ಈ ಚೀಸ್ ಮಾರುತ್ತಿದ್ದರು. ಮಾರಿದ ಊರಿನ ಹೆಸರೇ ಚೀಸಿಗೆ ಅಂಟಿತು. ಇಂದಿನ ನಿಯಮದ ಪ್ರಕಾರ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಜಿಲ್ಲೆಗಳಲ್ಲಿ ಮಾತ್ರ ಸ್ಟಿಲ್ಟನ್ ಮಾಡಬಹುದು. ಹಾಗಾಗಿ ಸ್ಟಿಲ್ಟನ್ ಹಳ್ಳಿಯಲ್ಲಿ ಸ್ಟಿಲ್ಟನ್ ಮಾಡುವಂತಿಲ್ಲ!

ಇನ್ನೊಂದು ನಿಯಮ, ಹಾಲನ್ನು ಪಾಶ್ಚರೀಕರಿಸಲೇಬೇಕು, ಅಂದರೆ ಬಿಸಿ ಮಾಡಿ ಕ್ರಿಮಿ ಕೊಲ್ಲಬೇಕು. ಹಸಿ ಹಾಲಿನಿಂದಲೇ ಹಳೆಯ ರುಚಿ ಬರುತ್ತದೆಂದು ನಂಬಿದ ಇಬ್ಬರು, ಜೋ ಶ್ನೈಡರ್ ಮತ್ತು ರಾಂಡಾಲ್ಫ್ ಹಾಡ್ಜ್‌ಸನ್, 2006ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲೇ ಅಂಥ ಚೀಸ್ ಶುರು ಮಾಡಿದರು. ಅದನ್ನು ಸ್ಟಿಲ್ಟನ್ ಎಂದು ಕರೆಯುವಂತಿರಲಿಲ್ಲ. ಸ್ಟಿಚೆಲ್ಟನ್ ಎಂದು ಹೆಸರಿಟ್ಟರು. ಎರಡೂ ಸಿಕ್ಕರೆ ಬಿಡಬೇಡಿ.

ಸ್ಟಿಲ್ಟನ್ನಿನ ರುಚಿ ಹೇಗೆ? ಮೊದಲು ಬೆಣ್ಣೆ. ಆಮೇಲೆ ಹುರಿದ ಬೀಜಗಳ ಘಮ. ಕೊನೆಗೆ ನಾಲಿಗೆಯ ಬದಿಯಲ್ಲಿ ಉಳಿಯುವ ಒಂದು ಹದವಾದ ಉಪ್ಪು. ಘಾಟು ಇದೆ, ಆದರೆ ಬಡಿಯುವುದಿಲ್ಲ. ಒರಟಾದ ಕಂದು ಸಿಪ್ಪೆಯ ಹತ್ತಿರದ ಭಾಗ ಜೋರು, ನಡುವಿನ ಭಾಗ ಮೆದು. ಎರಡನ್ನೂ ಬೇರೆ ಬೇರೆಯಾಗಿ ತಿಂದು ನೋಡಿ.

ಡೆನ್ಮಾರ್ಕಿನ ಡಾನಾಬ್ಲೂ ಬಗ್ಗೆ ಒಂದು ಎಚ್ಚರಿಕೆ. ಡ್ಯಾನಿಶ್ ಬ್ಲೂ ಎಂದು ಸೂಪರ್ ಮಾರ್ಕೆಟ್‌ಗಳಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಅದಕ್ಕೇ ಅನೇಕರು ಇದರಿಂದ ಶುರು ಮಾಡಿ ಹಿಂದೆ ಸರಿಯುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಮಾರಿಯಸ್ ಬೋಯೆಲ್ ಇದನ್ನು ರೂಪಿಸಿದರು. ಹಾಲಿನ ಕೊಬ್ಬಿನ ಕಣಗಳನ್ನು ಸಣ್ಣದಾಗಿ ಒಡೆದು ಮಾಡುವ ಕ್ರಮ. ಕಣ ಸಣ್ಣದಾದಷ್ಟೂ ಕೊಬ್ಬು ಬೇಗ ಒಡೆಯುತ್ತದೆ, ಚುರುಕು ಏರುತ್ತದೆ. ಉಪ್ಪೂ ಜಾಸ್ತಿ. ಸಲಾಡ್ ಡ್ರೆಸ್ಸಿಂಗ್‌ಗೆ ಒಳ್ಳೆಯದು. ಮೊದಲ ತುತ್ತಿಗೆ ಬೇಡ.

ರೋಕ್‌ಫೋರ್ ಬಂತು. Roquefort ಎಂದು ಬರೆಯುವ ಈ ಹೆಸರಿನ ಕೊನೆಯ t ಅಕ್ಷರವನ್ನು ಫ್ರೆಂಚರು ಉಚ್ಚರಿಸುವುದಿಲ್ಲ. ದಕ್ಷಿಣ ಫ್ರಾನ್ಸಿನ ಅವೇರೋನ್ ಸೀಮೆಯಲ್ಲಿ ರೋಕ್‌ಫೋರ್-ಸುರ್-ಸುಲ್ಝೋನ್ ಎಂಬ ಪುಟ್ಟ ಊರಿದೆ. ಅದರ ಬೆನ್ನಿಗೆ ಕೊಂಬಾಲು ಬೆಟ್ಟ. ಹಿಂದೊಮ್ಮೆ ಕುಸಿದ ಬೆಟ್ಟ ಅದು. ಒಳಗೆಲ್ಲ ಗುಹೆಗಳು, ಬಂಡೆಯ ಬಿರುಕುಗಳು. ಈ ಬಿರುಕುಗಳಿಗೆ ಫ್ಲೂರಿನ್ ಎನ್ನುತ್ತಾರೆ. ವರ್ಷವಿಡೀ ಅವುಗಳಿಂದ ತಂಪಾದ, ತೇವವಾದ ಗಾಳಿ ಬೀಸುತ್ತದೆ. ಚೀಸ್ ಮಾಗುವುದು ಅಲ್ಲೇ. ಮಾಗಿಸುವ ಹಕ್ಕನ್ನು 1411ರಲ್ಲಿ ಆರನೇ ಚಾರ್ಲ್ಸ್ ದೊರೆ ಆ ಊರಿನವರಿಗೆ ಕೊಟ್ಟರು. 1925ರಲ್ಲಿ ಫ್ರಾನ್ಸಿನ ಚೀಸ್‌ಗಳಲ್ಲೇ ಮೊದಲು ಇದಕ್ಕೆ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. ಕೊಂಬಾಲು ಗುಹೆಗಳಲ್ಲಿ ಮಾಗಿದ್ದು ಮಾತ್ರ ರೋಕ್‌ಫೋರ್ ಎಂದು 1961ರಲ್ಲಿ ಕೋರ್ಟೂ ಹೇಳಿತು.

ಹಾಲು ಲಕೋನ್ ಎಂಬ ತಳಿಯ ಕುರಿಯದ್ದು, ಕಾಯಿಸದ ಹಾಲು. ಕುರಿ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಕೊಬ್ಬು. ಬಣ್ಣ ಅಚ್ಚ ಬಿಳಿ. ಮಾಗಲು ಕನಿಷ್ಠ 90 ದಿನ. ಬೂಷ್ಟನ್ನು ಹಿಂದಿನಿಂದಲೂ ರೈ ಬ್ರೆಡ್ಡಿನ ಮೇಲೆ ಬೆಳೆಸಿಕೊಳ್ಳುತ್ತಿದ್ದರು. ಈಗ ಹೆಚ್ಚಾಗಿ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ.

ಬಾಯಿಗಿಟ್ಟರೆ ಮೊದಲು ಉಪ್ಪು. ಅದು ಕರಗಿದ ಮೇಲೆ ಕುರಿ ಹಾಲಿನ ಸಿಹಿ, ಆಮೇಲೆ ಘಾಟು, ಆಮೇಲೆ ಮತ್ತೆ ಬೆಣ್ಣೆ. ಇಷ್ಟೂ ಒಂದೇ ತುಂಡಿನಲ್ಲಿ. ಸ್ಟಿಲ್ಟನ್ ದಾಟಿ ಬಂದವರಿಗೆ ಇದು ಹಬ್ಬ. ಈ ಚೀಸನ್ನು ಅಲ್ಲಿಯವರು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದಕ್ಕೆ 1999 ಸಾಕ್ಷಿ. ಅಮೆರಿಕ ರೋಕ್‌ಫೋರ್ ಮೇಲೆ ನೂರಕ್ಕೆ ನೂರು ಸುಂಕ ಹಾಕಿತು. ಕುರಿ ಸಾಕುವ ಜೋಸೆ ಬೋವೆ ಜೊತೆಗಾರರನ್ನು ಕಟ್ಟಿಕೊಂಡು, ಪಕ್ಕದ ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿಹಾಕಿ ಪ್ರತಿಭಟಿಸಿದರು.

ಕೊನೆಗೆ ಕಬ್ರಾಲೆಸ್. ಇದು ಸ್ಪೇನಿನ ಉತ್ತರದ ಅಸ್ತೂರಿಯಸ್‌ನದು, ಪಿಕೋಸ್ ದೆ ಯೂರೋಪ ಬೆಟ್ಟಗಳ ಗುಹೆಯಲ್ಲಿ ಮಾಗುವಂಥದ್ದು. ಹಸುವಿನ ಹಾಲಿನಿಂದ ಮಾಡುತ್ತಾರೆ, ಕೆಲವು ಸಲ ಮೇಕೆ ಮತ್ತು ಕುರಿ ಹಾಲೂ ಸೇರುತ್ತದೆ. ಹಿಂದೆ ಮೇಪಲ್ ಜಾತಿಯ ಮರದ ಎಲೆ ಸುತ್ತಿ ಮಾರುತ್ತಿದ್ದರು, ಈಗ ಫಾಯಿಲ್. ಗುಹೆಯ ಗಾಳಿಯ ಬೂಷ್ಟು ಹೊರಗಿನಿಂದ ಒಳಕ್ಕೆ ಇಳಿಯುತ್ತದೆ. ಬೂದು-ನೀಲಿ, ಅಂಟಂಟು, ಮೂಗಿಗೆ ಏರುವ ಘಾಟು. ಅಸ್ತೂರಿಯಸ್‌ನವರು ಇದನ್ನು ಸೈಡರ್ ಎಂಬ ಸೇಬಿನ ಮದ್ಯದ ಜೊತೆ ತಿನ್ನುತ್ತಾರೆ. ಪ್ರತಿ ಆಗಸ್ಟ್‌ನಲ್ಲಿ ಅರೇನಾಸ್ ದೆ ಕಬ್ರಾಲೆಸ್ ಊರಲ್ಲಿ ಸ್ಪರ್ಧೆ, ಗೆದ್ದ ಚೀಸಿಗೆ ಹರಾಜು. 2023ರಲ್ಲಿ ಎರಡು ಕಿಲೋ ಚಿಲ್ಲರೆ ತೂಕದ ಒಂದೇ ಚೀಸ್ 30,000 ಯೂರೋಗೆ ಹೋಯಿತು. ಅಂಗಡಿಯಲ್ಲಿ ಅಷ್ಟೇನೂ ದುಬಾರಿಯಲ್ಲ, ಹೆದರಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇವೆಲ್ಲ ಸಿಗದಿದ್ದರೂ ಚಿಂತೆಯಿಲ್ಲ. ಅಯೋವಾದ ಮೇಟ್ಯಾಗ್ 1941ರಿಂದ ಇದೆ, ನಿಂಬೆಯಂಥ ಹುಳಿ ಇರುವ ಚೀಸ್. ಆರೆಗನ್‌ನ ರೋಗ್ ರಿವರ್ ಬ್ಲೂ 2019ರಲ್ಲಿ ವರ್ಲ್ಡ್ ಚೀಸ್ ಅವಾರ್ಡ್ಸ್‌ನ ಮೊದಲ ಸ್ಥಾನ ಗೆದ್ದಿತು. ಅದನ್ನು ಪೇರ್ ಮದ್ಯದಲ್ಲಿ ನೆನೆಸಿದ ದ್ರಾಕ್ಷಿ ಎಲೆಯಲ್ಲಿ ಸುತ್ತಿರುತ್ತಾರೆ.

ಹೆಜ್ಜೆ 6: ಜೊತೆಗೆ ಸಿಹಿ ಇರಲಿ

ಉಪ್ಪಿಗೆ ಸಿಹಿ ಜೋಡಿ. ಇಂಗ್ಲೆಂಡಿನವರು ಸ್ಟಿಲ್ಟನ್ ಜೊತೆ ಪೋರ್ಟ್ ವೈನ್ ಇಡುತ್ತಾರೆ. ಫ್ರೆಂಚರು ರೋಕ್‌ಫೋರ್ ಜೊತೆ ಸೋತೆರ್ನ್ ಎಂಬ ಸಿಹಿ ವೈನ್ ಕುಡಿಯುತ್ತಾರೆ. ವೈನ್ ಬೇಡದವರಿಗೆ ಪೇರ್, ಅಂಜೂರ, ಅಕ್ರೋಟು, ಜೇನು. ನಾನು ಊರಿನಿಂದ ತಂದಿದ್ದ ಜೋನಿ ಬೆಲ್ಲವನ್ನು ಗೊರ್ಗೊನ್‌ಝೋಲಾ ಪಿಕಾಂತೆ ಮೇಲೆ ಎರಡು ಹನಿ ಬಿಟ್ಟು ತಿಂದೆ. ಜೇನಿಗಿಂತ ಚೆನ್ನಾಗಿತ್ತು. ಬೆಲ್ಲದ ಸಣ್ಣ ಉಪ್ಪಿನ ರುಚಿ ಅಲ್ಲಿ ಸರಿಯಾಗಿ ಕೂರುತ್ತದೆ. ಜೊತೆಗೆ ಉಪ್ಪಿಲ್ಲದ ಬ್ರೆಡ್ ಅಥವಾ ಸಪ್ಪೆ ಬಿಸ್ಕೆಟ್ ಇಡಿ. ಉಪ್ಪು ಬಿಸ್ಕೆಟ್ ಇಟ್ಟರೆ ಬಾಯಿ ಸೋತುಹೋಗುತ್ತದೆ.

ಹೆಜ್ಜೆ 7: ಉಳಿದದ್ದನ್ನು ಎತ್ತಿಡಿ

ಫಾಯಿಲ್‌ನಲ್ಲಿ ಅಥವಾ ಮೇಣದ ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡ್ರಾಯರ್‌ನಲ್ಲಿಡಿ. ಡಬ್ಬಿ ಬೇಕೇ ಬೇಕು. ಇಲ್ಲದಿದ್ದರೆ ಈ ಬೂಷ್ಟು ಪಕ್ಕದ ಚೀಸಿಗೂ ಹಬ್ಬುತ್ತದೆ, ವಾಸನೆ ಬೆಣ್ಣೆಗೂ ಹತ್ತುತ್ತದೆ. ಕತ್ತರಿಸಿದ ತುಂಡು ಎರಡು ಮೂರು ವಾರ ಚೆನ್ನಾಗಿರುತ್ತದೆ. ನೀಲಿ ಸ್ವಲ್ಪ ಜಾಸ್ತಿಯಾದರೆ ಗಾಬರಿಯಿಲ್ಲ. ಗುಲಾಬಿ ಅಥವಾ ಕಿತ್ತಳೆ ಬಣ್ಣ ಬಂದರೆ, ಕಪ್ಪು ಕೂದಲಿನಂತೆ ಎದ್ದರೆ, ಲೋಳೆಯಾದರೆ, ಅಮೋನಿಯಾ ವಾಸನೆ ಬಂದರೆ ಎಸೆಯಿರಿ. ಆ ಭಾಗ ಕತ್ತರಿಸಿ ಉಳಿದದ್ದು ತಿನ್ನುತ್ತೇನೆ ಎನ್ನಬೇಡಿ.

ಫ್ರೀಜರ್‌ಗೆ ಹಾಕಿದರೆ ಪುಡಿಪುಡಿಯಾಗುತ್ತದೆ. ತಟ್ಟೆಗೆ ಬೇಡ, ಅಡುಗೆಗೆ ಆಗುತ್ತದೆ. ಸ್ಟಿಲ್ಟನ್ ಚೂರುಗಳಿದ್ದರೆ ಸೂಪ್ ಮಾಡಿ: ಈರುಳ್ಳಿ, ಆಲೂಗಡ್ಡೆ, ಬ್ರೊಕೊಲಿ ಬೇಯಿಸಿ ರುಬ್ಬಿ, ಒಲೆ ಆರಿಸಿದ ಮೇಲೆ ಚೀಸ್ ಪುಡಿ ಮಾಡಿ ಕದಡಿ. ಉಪ್ಪನ್ನು ಆಮೇಲೆ ರುಚಿ ನೋಡಿ ಹಾಕಿ. ಹೆಚ್ಚಿನ ಸಲ ಹಾಕುವುದೇ ಬೇಕಾಗುವುದಿಲ್ಲ.